ಎಚ್ಚರಿಕೆ ಹತ್ತು ನಿಮಿಷದಲ್ಲಿ ಬರುತ್ತದೆ. ಆಮೇಲೆ?

2025ರ ಜುಲೈ 30ರಂದು ರಷ್ಯದ ಕಮ್‌ಚಾಟ್ಕಾ ಕರಾವಳಿಯ ಬಳಿ 8.8 ತೀವ್ರತೆಯ ಭೂಕಂಪವಾಯಿತು. ಉಪಕರಣಗಳಲ್ಲಿ ಅಳೆಯಲು ಶುರುವಾದ ಮೇಲಿನ ಅತಿ ದೊಡ್ಡ ಹತ್ತು ಭೂಕಂಪಗಳ ಸಾಲಿಗೆ ಸೇರುವಷ್ಟು ದೊಡ್ಡದು ಅದು. ಜಪಾನಿನಲ್ಲಿ ಸುಮಾರು 20 ಲಕ್ಷ ಜನರಿಗೆ ಎತ್ತರದ ಜಾಗಕ್ಕೆ ಹೋಗುವಂತೆ ಸೂಚನೆ ಹೋಯಿತು. ಹವಾಯಿಯಲ್ಲಿ ಸೈರನ್ ಮೊಳಗಿತು. ಕೊನೆಗೆ ಜಪಾನಿನ ದಡದಲ್ಲಿ ದಾಖಲಾದ ಅಲೆಯ ಎತ್ತರ ಒಂದೂವರೆ ಮೀಟರಿನ ಒಳಗೇ ಉಳಿಯಿತು. ಸುನಾಮಿಯ ನೀರಿಗೆ ಬಲಿಯಾದವರ ವರದಿ ಎಲ್ಲಿಂದಲೂ ಬರಲಿಲ್ಲ. ಭಾರತಕ್ಕೆ ಅಪಾಯವಿಲ್ಲವೆಂದು ಹೈದರಾಬಾದಿನ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ತಿಳಿಸಿತು.

ಓದುಗರಿಗೆ ಗೊಂದಲವಾಗುವುದು ಸಹಜ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಆದ ಭೂಕಂಪದ ತೀವ್ರತೆ 9.1. ಅಂಕಿಯಲ್ಲಿ ವ್ಯತ್ಯಾಸ ಬರೀ 0.3. ಆದರೆ ಅಂದು ಹದಿನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಭಾರತದಲ್ಲೇ ಹತ್ತು ಸಾವಿರಕ್ಕೂ ಹೆಚ್ಚು. ಒಂದು ಕಡೆ ಆ ಸಂಖ್ಯೆ, ಇನ್ನೊಂದು ಕಡೆ ಸೊನ್ನೆ. ಹಾಗಾದರೆ 2025ರ ಎಚ್ಚರಿಕೆ ಅತಿಯಾಯಿತೇ? ಅಥವಾ ಎಚ್ಚರಿಕೆಯಿಂದಲೇ ಜನ ಉಳಿದರೇ? ಎರಡೂ ಪೂರ್ತಿ ನಿಜವಲ್ಲ. ಉತ್ತರದ ಒಂದು ಪಾಲು ಸಮುದ್ರದ ತಳದಲ್ಲಿದೆ. ದೊಡ್ಡ ಪಾಲು ದಡದ ಮೇಲಿದೆ.

ಅಂಕಿ ಒಂದೇ ಹೇಳುವುದಿಲ್ಲ

ಸುನಾಮಿ ಹುಟ್ಟುವುದು ನೆಲ ನಡುಗಿದ್ದರಿಂದಲ್ಲ, ಕಡಲ ತಳ ಮೇಲೆದ್ದು ಅಥವಾ ಕುಸಿದು ಅದರ ಮೇಲಿನ ನೀರನ್ನು ತಳ್ಳಿದ್ದರಿಂದ. 2012ರ ಏಪ್ರಿಲ್ 11ರಂದು ಸುಮಾತ್ರಾದ ಬಳಿಯೇ 8.6 ತೀವ್ರತೆಯ ಭೂಕಂಪವಾಗಿ ಹಿಂದೂ ಮಹಾಸಾಗರದ ಸುತ್ತ ಎಲ್ಲರೂ ಬೆಚ್ಚಿಬಿದ್ದರು. ಆದರೆ ಅಲ್ಲಿ ಭೂಫಲಕಗಳು ಅಕ್ಕಪಕ್ಕ ಸರಿದಿದ್ದವೇ ಹೊರತು ಮೇಲೆದ್ದಿರಲಿಲ್ಲ. ಬಂದದ್ದು ಸಣ್ಣ ಅಲೆ. 2004ರಲ್ಲಿ ಸಾವಿರ ಕಿಲೋಮೀಟರಿಗೂ ಉದ್ದದ ಬಿರುಕಿನಲ್ಲಿ ತಳ ಎದ್ದಿತ್ತು. ತೀವ್ರತೆಯ ಅಳತೆಗೋಲೂ ಸಾಮಾನ್ಯ ಲೆಕ್ಕದಂತೆ ಏರುವುದಿಲ್ಲ. 8.8ಕ್ಕಿಂತ 9.1ರಲ್ಲಿ ಬಿಡುಗಡೆಯಾಗುವ ಶಕ್ತಿ ಹೆಚ್ಚುಕಡಿಮೆ ಮೂರು ಪಟ್ಟು.

ಅಲೆ ಹೋಗುವ ದಾರಿಯೂ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಸಾವಿರ ಮೀಟರ್ ಆಳದ ಕಡಲಿನಲ್ಲಿ ಸುನಾಮಿ ಗಂಟೆಗೆ ಸುಮಾರು 700 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಅಲ್ಲಿ ಅದರ ಎತ್ತರ ಒಂದು ಮೀಟರ್ ಕೂಡ ಇರಲಿಕ್ಕಿಲ್ಲ. ದಡದ ಹತ್ತಿರ ಆಳ ಕಡಿಮೆಯಾದಂತೆ ವೇಗ ತಗ್ಗುತ್ತದೆ, ಹಿಂದಿನ ನೀರು ಮುಂದಿನ ನೀರಿನ ಮೇಲೆ ಒತ್ತರಿಸಿ ಎತ್ತರ ಬೆಳೆಯುತ್ತದೆ. ಕಮ್‌ಚಾಟ್ಕಾದಲ್ಲಿ ಹುಟ್ಟಿದ ಅಲೆಯ ಎದುರಿಗೆ ಇದ್ದದ್ದು ಪೆಸಿಫಿಕ್ ಸಾಗರ. ಅದಕ್ಕೂ ನಮ್ಮ ಕಡಲಿಗೂ ನಡುವೆ ಇಂಡೊನೇಷ್ಯಾದ ದ್ವೀಪಸಾಲು ಅಡ್ಡ ನಿಂತಿದೆ. ಅದಕ್ಕೇ ಭಾರತಕ್ಕೆ ಅಪಾಯವಿರಲಿಲ್ಲ.

ಆದರೆ ಭೂಕಂಪಕ್ಕೆ ತೀರ ಹತ್ತಿರದಲ್ಲಿದ್ದ ಸೆವೆರೊ-ಕುರಿಲ್ಸ್ಕ್ ಎಂಬ ರಷ್ಯದ ಪಟ್ಟಣಕ್ಕೆ ಅಲೆ ನುಗ್ಗಿತು. ಬಂದರು, ಮೀನು ಸಂಸ್ಕರಣೆ ಘಟಕ ನೀರಿನಡಿಯಾದವು. ಜನ ಮಾತ್ರ ಉಳಿದರು. ಇದೇ ಪಟ್ಟಣ 1952ರ ನವೆಂಬರ್ 5ರ ಸುನಾಮಿಯಲ್ಲಿ ಕೊಚ್ಚಿಹೋಗಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಆ ಮೇಲೆ ಊರನ್ನು ಎತ್ತರದ ದಿಬ್ಬದ ಮೇಲೆ ಕಟ್ಟಿದರು. ಬಂದರು, ಮೀನಿನ ಕೆಲಸ ಕೆಳಗೆ, ಮನೆಗಳು ಮೇಲೆ. 2025ರಲ್ಲಿ ಸೈರನ್ ಕೂಗಿತು ನಿಜ. ಆದರೆ ಜನರನ್ನು ಉಳಿಸಿದ ತೀರ್ಮಾನ ಆಗಿದ್ದು ಎಪ್ಪತ್ತು ವರ್ಷಗಳ ಹಿಂದೆ.

2004ರಲ್ಲಿ ಎರಡು ಗಂಟೆ ಇತ್ತು

ಸುಮಾತ್ರಾದ ಭೂಕಂಪವಾದಾಗ ಭಾರತದಲ್ಲಿ ಬೆಳಗ್ಗೆ 6 ಗಂಟೆ 28 ನಿಮಿಷ. ತಮಿಳುನಾಡಿನ ದಡಕ್ಕೆ ಅಲೆ ಮುಟ್ಟಿದ್ದು ಎರಡು ಗಂಟೆಗೂ ಮೀರಿದ ಮೇಲೆ. ಕಾರ್ ನಿಕೋಬಾರಿನ ವಾಯುನೆಲೆ ಮುಳುಗುತ್ತಿದೆ ಎಂಬ ಸುದ್ದಿ ಅಷ್ಟರಲ್ಲಿ ಚೆನ್ನೈಗೆ ತಲುಪಿಯೂ ಆಗಿತ್ತು. ಹವಾಯಿಯ ಪೆಸಿಫಿಕ್ ಸುನಾಮಿ ಎಚ್ಚರಿಕೆ ಕೇಂದ್ರಕ್ಕೂ ಭೂಕಂಪ ಗೊತ್ತಾಗಿತ್ತು. ಆದರೆ ಹಿಂದೂ ಮಹಾಸಾಗರದ ದೇಶಗಳಿಗೆ ಹೇಳುವ ವ್ಯವಸ್ಥೆಯೇ ಇರಲಿಲ್ಲ. ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ ಆರು ಸಾವಿರದಷ್ಟು ಜನ ಪ್ರಾಣ ಬಿಟ್ಟರು.

ಯಾರು ಸತ್ತರು ಎಂದು ನೋಡಿದರೆ ‘ದುರ್ಬಲ ಸಮುದಾಯ’ ಎಂಬ ಸರ್ಕಾರಿ ಪದಕ್ಕೆ ಅರ್ಥ ಬರುತ್ತದೆ. ಆ ದಿನ ಭಾನುವಾರ. ಗಂಡಸರಲ್ಲಿ ಅನೇಕರು ಆಳಸಮುದ್ರದಲ್ಲಿ ಬಲೆ ಹಾಕಿದ್ದರು, ಅವರ ದೋಣಿಯಡಿ ಅಲೆ ಹಾದುಹೋದದ್ದು ಅವರಿಗೆ ತಿಳಿಯಲೇ ಇಲ್ಲ. ಹೆಂಗಸರು ದೋಣಿಗಳು ತರುವ ಮೀನಿಗಾಗಿ ದಡದಲ್ಲಿ ಬುಟ್ಟಿ ಹಿಡಿದು ಕಾಯುತ್ತಿದ್ದರು, ಇಲ್ಲವೇ ಮಕ್ಕಳೊಂದಿಗೆ ದಡದ ಗುಡಿಸಲಿನಲ್ಲಿದ್ದರು. ಕಡಲೂರು ಜಿಲ್ಲೆಯ ಹಳ್ಳಿಗಳಲ್ಲಿ ಗಂಡಸರಿಗಿಂತ ಹೆಂಗಸರ ಸಾವು ಎಷ್ಟೋ ಹೆಚ್ಚಾದದ್ದಕ್ಕೆ ಇದು ಕಾರಣ. ಯಾವ ಹೊತ್ತಿಗೆ ಯಾರು ಎಲ್ಲಿ ನಿಂತಿರಬೇಕು ಎಂಬುದನ್ನು ದುಡಿಮೆ ತೀರ್ಮಾನಿಸಿತ್ತು. ಅಲೆ ಆ ತೀರ್ಮಾನದ ಮೇಲೆ ಬಂದು ಬಿತ್ತು.

ಅದೇ ಬೆಳಗ್ಗೆ ಪುದುಚೇರಿಯ ನಲ್ಲವಾಡು ಎಂಬ ಮೀನುಗಾರರ ಊರಿನಲ್ಲಿ ನಡೆದದ್ದೇ ಬೇರೆ. ಸಿಂಗಪುರದಲ್ಲಿದ್ದ ಆ ಊರಿನವರೊಬ್ಬರು ಸುದ್ದಿ ನೋಡಿ ಮನೆಗೆ ಫೋನ್ ಮಾಡಿದರು. ಊರಿನ ಮಾಹಿತಿ ಕೇಂದ್ರದ ಧ್ವನಿವರ್ಧಕದಲ್ಲಿ ಎಲ್ಲರೂ ಓಡಿ ಎಂದು ಕೂಗಲಾಯಿತು. ಮನೆ, ದೋಣಿ ನಾಶವಾದವು. ಸುಮಾರು 3,600 ಜನ ಬದುಕಿದರು. ಈ ಕಥೆಯನ್ನು ಫೋನಿನ ಕಥೆಯಾಗಿ ಹೇಳುವವರೇ ಹೆಚ್ಚು, ನನಗೆ ಮುಖ್ಯವಾಗಿ ಕಾಣುವುದು ಧ್ವನಿವರ್ಧಕ. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ನೆರವಾಗಿ ಕಟ್ಟಿಸಿದ್ದ ಆ ಕೇಂದ್ರ ದಿನವೂ ಕಡಲಿನ ಸ್ಥಿತಿ, ಮೀನಿನ ದರ ಹೇಳುತ್ತಿತ್ತು. ಆ ದನಿಯನ್ನು ನಂಬುವುದು ಊರಿಗೆ ರೂಢಿಯಾಗಿತ್ತು. ಅಪಾಯದ ದಿನಕ್ಕೆಂದೇ ಎತ್ತಿಟ್ಟ ಸೈರನ್ ಆಗಿದ್ದರೆ ಜನ ಮೊದಲು ಅದೇನು ಸದ್ದು ಎಂದು ನೋಡಲು ಹೊರಬರುತ್ತಿದ್ದರು.

ಹೈದರಾಬಾದಿನ ಕೆಲಸ ಎಲ್ಲಿಗೆ ಮುಗಿಯುತ್ತದೆ

2004ರ ಏಟಿನ ನಂತರ ಭಾರತ ಚುರುಕಾಗಿ ಕೆಲಸ ಮಾಡಿತು. 2007ರ ಅಕ್ಟೋಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯ್ಸ್‌ನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಶುರುವಾಯಿತು. ಭೂಕಂಪ ಮಾಪಕಗಳು, ಕಡಲತಳದ ಒತ್ತಡ ಅಳೆಯುವ ಸಾಧನಗಳು, ಬಂದರುಗಳಲ್ಲಿ ನೀರಿನ ಮಟ್ಟ ನೋಡುವ ಮಾಪಕಗಳು ಅದಕ್ಕೆ ಸುದ್ದಿ ಕೊಡುತ್ತವೆ. ಎಲ್ಲಿ ಎಷ್ಟು ತೀವ್ರತೆಯ ಭೂಕಂಪವಾದರೆ ಯಾವ ದಡಕ್ಕೆ ಯಾವಾಗ ಎಷ್ಟು ಎತ್ತರದ ಅಲೆ ಬಂದೀತು ಎಂಬ ಲೆಕ್ಕಗಳನ್ನು ಮೊದಲೇ ಮಾಡಿಟ್ಟುಕೊಂಡಿರುವುದರಿಂದ ಮೊದಲ ಸೂಚನೆ ಹತ್ತು ನಿಮಿಷದ ಆಸುಪಾಸಿನಲ್ಲಿ ಹೊರಡುತ್ತದೆ. ಹಿಂದೂ ಮಹಾಸಾಗರದ ದೇಶಗಳಿಗೆ ಈ ಸೇವೆ ಒದಗಿಸುವುದು ಭಾರತ, ಆಸ್ಟ್ರೇಲಿಯಾ, ಇಂಡೊನೇಷ್ಯಾ ಈ ಮೂರೇ.

ಇಷ್ಟಾದರೂ ಎಚ್ಚರಿಕೆಗೆ ಎರಡು ಮಿತಿಗಳಿವೆ. ಮೊದಲನೆಯದು ಸಮಯ. 2018ರ ಸೆಪ್ಟೆಂಬರಿನಲ್ಲಿ ಇಂಡೊನೇಷ್ಯಾದ ಪಾಲು ನಗರಕ್ಕೆ ಭೂಕಂಪವಾದ ಕೆಲವೇ ನಿಮಿಷಗಳಲ್ಲಿ ಅಲೆ ಬಂತು. ಭೂಕಂಪ, ಸುನಾಮಿ, ನೆಲ ಕೆಸರಾಗಿ ಹರಿದದ್ದು ಎಲ್ಲ ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದೇ ಡಿಸೆಂಬರಿನಲ್ಲಿ ಅನಾಕ್ ಕ್ರಕಟೋವಾ ಜ್ವಾಲಾಮುಖಿಯ ಒಂದು ಮಗ್ಗುಲು ಸಮುದ್ರಕ್ಕೆ ಕುಸಿದು ಸುನಾಮಿ ಎದ್ದಾಗ ಯಂತ್ರಗಳಿಗೆ ಹಿಡಿಯಲು ದೊಡ್ಡ ಭೂಕಂಪವೇ ಇರಲಿಲ್ಲ. ನಮ್ಮಲ್ಲಿ ಅಂಡಮಾನ್ ನಿಕೋಬಾರ್ ದ್ವೀಪಗಳಿಗೆ ಇದೇ ಪಾಡು. ಅಲ್ಲಿ ನೆಲದ ನಡುಕವೇ ಎಚ್ಚರಿಕೆ, ಬೇರೆಯದಕ್ಕೆ ಕಾಯುತ್ತ ಕೂರುವಂತಿಲ್ಲ. 2004ರ ಭೂಕಂಪಕ್ಕೆ ಅತಿ ಹತ್ತಿರವಿದ್ದ ಸಿಮೆಯುಲು ದ್ವೀಪದಲ್ಲಿ ಎಪ್ಪತ್ತು ಸಾವಿರಕ್ಕೂ ಮೀರಿದ ಜನರಲ್ಲಿ ಸತ್ತವರು ಏಳು ಮಂದಿ ಎಂದು ದಾಖಲಾಗಿದೆ. 1907ರ ಸುನಾಮಿಯನ್ನು ‘ಸ್ಮೋಂಗ್’ ಎಂಬ ಹೆಸರಿನಲ್ಲಿ ಅಜ್ಜಿ ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದರು: ನೆಲ ಜೋರಾಗಿ ಅಲುಗಿತೇ, ಕಡಲು ಹಿಂದೆ ಸರಿಯಿತೇ, ಗುಡ್ಡಕ್ಕೆ ಓಡು.

ಎರಡನೆಯ ಮಿತಿ ಕೊನೆಯ ಕಿಲೋಮೀಟರಿನದು. 2017ರ ಓಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ಅದೆಷ್ಟೋ ದೋಣಿಗಳು ಆಗಲೇ ದೂರದ ಕಡಲಿನಲ್ಲಿದ್ದವು; ಸೂಚನೆ ಕಚೇರಿಗಳಿಗೆ ಬಂತು, ದೋಣಿಗಳಿಗೆ ಮುಟ್ಟಲಿಲ್ಲ. ಅಲ್ಲಿಂದೀಚೆಗೆ ಉಪಗ್ರಹದ ಮೂಲಕ ದೋಣಿಗಳಿಗೆ ಸಂದೇಶ ಕಳಿಸುವ ಸಾಧನಗಳು ಬಂದಿವೆ. 2023ರ ಅಕ್ಟೋಬರಿನಲ್ಲಿ ಕರ್ನಾಟಕದ ಮೊಬೈಲುಗಳೆಲ್ಲ ಒಮ್ಮೆಲೇ ಜೋರಾಗಿ ಸದ್ದು ಮಾಡಿದ್ದು ನೆನಪಿರಬಹುದು. ಒಂದು ಪ್ರದೇಶದ ಎಲ್ಲ ಫೋನುಗಳಿಗೆ ಒಟ್ಟಿಗೆ ಎಚ್ಚರಿಕೆ ಕಳಿಸುವ ವ್ಯವಸ್ಥೆಯ ಪರೀಕ್ಷೆ ಅದು. ಇದು ಒಳ್ಳೆಯ ಹೆಜ್ಜೆ. ಆದರೆ ಫೋನು ಕೂಗಿದ ಮೇಲೆ ಯಾವ ದಾರಿಯಲ್ಲಿ ಹೋಗಬೇಕು, ಹಾಸಿಗೆ ಹಿಡಿದ ಮುದುಕಿಯನ್ನು ಯಾರು ಎತ್ತಬೇಕು ಎಂಬುದನ್ನು ಫೋನು ಹೇಳುವುದಿಲ್ಲ.

ಒಡಿಶಾ ಮಾಡಿದ್ದು

ಈ ಕೆಲಸವನ್ನು ದೇಶದಲ್ಲಿ ಮೊದಲು ಊರಿನ ಮಟ್ಟಕ್ಕೆ ಇಳಿಸಿದ್ದು ಒಡಿಶಾ. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಹತ್ತು ಸಾವಿರದಷ್ಟು ಜನ ಸತ್ತಿದ್ದರು. 2019ರ ಫಾನಿ ಚಂಡಮಾರುತದ ಹೊತ್ತಿಗೆ 12 ಲಕ್ಷ ಜನರನ್ನು ಮೊದಲೇ ಸಾಗಿಸಲಾಯಿತು. ಸಾವು ಎರಡಂಕಿಯಲ್ಲಿ ನಿಂತಿತು. ಗಾಳಿಯ ಬಿರುಸು ಕಡಿಮೆಯಾದದ್ದರಿಂದ ಹೀಗಾಗಲಿಲ್ಲ. ಆ ಇಪ್ಪತ್ತು ವರ್ಷಗಳಲ್ಲಿ ಆಶ್ರಯ ಕಟ್ಟಡಗಳು ಎದ್ದವು, ಅವುಗಳಿಗೆ ರಸ್ತೆ ಬಂತು, ಊರೂರಿಗೆ ಸ್ವಯಂಸೇವಕರು ತಯಾರಾದರು, ಪ್ರತಿ ಮಳೆಗಾಲಕ್ಕೆ ಮುಂಚೆ ಅಭ್ಯಾಸ ನಡೆಯಿತು.

ಈ ಅಡಿಪಾಯದ ಮೇಲೆಯೇ 2020ರಲ್ಲಿ ಗಂಜಾಂ ಜಿಲ್ಲೆಯ ವೆಂಕಟರಾಯಪುರ, ಜಗತ್‌ಸಿಂಗ್‌ಪುರ ಜಿಲ್ಲೆಯ ನೋಲಿಯಾಸಾಹಿ ಎಂಬ ಎರಡು ಊರುಗಳಿಗೆ ಯುನೆಸ್ಕೊದ ‘ಸುನಾಮಿ ರೆಡಿ’ ಮಾನ್ಯತೆ ಸಿಕ್ಕಿತು. 2024ರ ನವೆಂಬರಿನಲ್ಲಿ ಒಡಿಶಾದ 24 ಹಳ್ಳಿಗಳ ಹೆಸರು ಈ ಪಟ್ಟಿಗಾಗಿ ಘೋಷಣೆಯಾಯಿತು. ಮಾನ್ಯತೆಗೆ ಹನ್ನೆರಡು ಷರತ್ತುಗಳಿವೆ. ನೀರು ಎಲ್ಲಿಯವರೆಗೆ ಬಂದೀತು ಎಂಬ ನಕ್ಷೆ, ಆ ಗೆರೆಯೊಳಗೆ ಎಷ್ಟು ಜನ ಎಂಬ ಎಣಿಕೆ, ಓಡುವ ದಾರಿಗೆ ಫಲಕ, ಹಗಲಿರುಳು ಎಚ್ಚರಿಕೆ ಪಡೆಯಲು ಒಂದಕ್ಕಿಂತ ಹೆಚ್ಚು ಮಾರ್ಗ, ಎರಡು ವರ್ಷಕ್ಕೊಮ್ಮೆಯಾದರೂ ಊರೆಲ್ಲ ಸೇರಿ ಅಣಕು ಕಾರ್ಯಾಚರಣೆ, ಇಂಥವು. ಮಾನ್ಯತೆಗೆ ಅವಧಿಯಿದೆ, ಮುಗಿದ ಮೇಲೆ ಮತ್ತೆ ಪಡೆಯಬೇಕು.

ಇದು ಬರೀ ಪ್ರಮಾಣಪತ್ರದ ಆಟ ಎನ್ನುವ ಟೀಕೆಯೂ ಇದೆ. ಕಡಲ ಉಪ್ಪುಗಾಳಿಗೆ ಫಲಕಕ್ಕೆ ತುಕ್ಕು ಹಿಡಿಯುತ್ತದೆ, ತರಬೇತಾದ ಹುಡುಗರು ದುಡಿಯಲು ಊರು ಬಿಡುತ್ತಾರೆ, ಅಧಿಕಾರಿಗೆ ವರ್ಗವಾಗುತ್ತದೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಒಡಿಶಾದ ಊರುಗಳಿಗೆ ಒಂದು ಅನುಕೂಲವಿದೆ. ಅಲ್ಲಿ ಚಂಡಮಾರುತ ಆಗಾಗ ಬರುತ್ತದೆ, ಸುನಾಮಿ ಬರುವುದು ತಲೆಮಾರಿಗೊಮ್ಮೆ. ಚಂಡಮಾರುತಕ್ಕೆ ಬಳಸಿದ ದಾರಿ, ಅದೇ ಕಟ್ಟಡ, ಅದೇ ಜನ ಸುನಾಮಿಗೂ ಒದಗುತ್ತಾರೆ. ಅಪರೂಪದ ಅಪಾಯಕ್ಕೆಂದು ಬೇರೆಯೇ ವ್ಯವಸ್ಥೆ ಕಟ್ಟಿದರೆ ಅದು ಹಾಳುಬೀಳುತ್ತದೆ. ವರ್ಷವೂ ಬರುವ ನೆರೆಗೆ ಕಟ್ಟಿದ್ದು ಬಳಕೆಯಲ್ಲಿ ಉಳಿಯುತ್ತದೆ.

ಗೋಡೆಯೋ, ಕಾಂಡ್ಲಾವೋ

ಎಚ್ಚರಿಕೆ ಜೀವ ಉಳಿಸಬಹುದು, ಮನೆ ಉಳಿಸಲಾರದು. ಅದಕ್ಕಾಗಿ ತಡೆಗೋಡೆ ಕಟ್ಟಿ ಎನ್ನುವವರಿದ್ದಾರೆ. ಜಪಾನಿನ ತಾರೋ ಪಟ್ಟಣ ಸುಮಾರು ಹತ್ತು ಮೀಟರ್ ಎತ್ತರದ ಗೋಡೆಯಿಂದ ಹೆಸರಾಗಿತ್ತು. 2011ರ ಮಾರ್ಚ್ 11ರಂದು ಅಲೆ ಅದನ್ನೂ ದಾಟಿತು. ಗೋಡೆಯ ಹಿಂದೆ ನಿಂತವರಿಗೆ ಕಡಲು ಕಾಣಿಸುತ್ತಿರಲಿಲ್ಲ. ಗೋಡೆಯ ಭರವಸೆಯಲ್ಲಿ ಹೊರಡಲು ತಡಮಾಡಿದವರೂ ಇದ್ದರು. ಆದರೆ ಅದೇ ದಿನ, ಅದೇ ಇವಾಟೆ ಪ್ರಾಂತ್ಯದ ಫುದಾಯ್ ಎಂಬ ಹಳ್ಳಿಯನ್ನು 15.5 ಮೀಟರ್ ಎತ್ತರದ ತೂಬುಗೋಡೆ ಕಾಪಾಡಿತು. ಅಂದರೆ ಗೋಡೆ ವ್ಯರ್ಥವಲ್ಲ. ಅದನ್ನು ಕಟ್ಟುವಾಗ ಊಹಿಸಿದ ಅಲೆಗಿಂತ ದೊಡ್ಡದು ಬಂದರೆ ಅದು ಕೈಕೊಡುತ್ತದೆ, ಅಷ್ಟೆ. ನಮ್ಮ ಕರಾವಳಿಯಲ್ಲಿ ಕಡಲ್ಕೊರೆತಕ್ಕೆ ಸುರಿಯುವ ಬಂಡೆಗಲ್ಲಿಗೆ ಇನ್ನೊಂದು ತೊಡಕೂ ಇದೆ. ಒಂದು ಕಡೆ ದಡ ಬಿಗಿ ಮಾಡಿದರೆ ಮರಳಿನ ಓಟ ಬದಲಾಗಿ ಪಕ್ಕದ ಊರಿನ ದಡ ಕೊರೆಯತೊಡಗುತ್ತದೆ. ನಾಡದೋಣಿ ಎಳೆಯಲು, ಕೈರಂಪಣಿ ಬಲೆ ಬೀಸಲು ಬೇಕಾದ ಮರಳೂ ಹೋಗುತ್ತದೆ.

ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್, ಬೆಳೆಸಿ ಎನ್ನುವುದು ಎದುರಿನ ವಾದ. 2004ರ ನಂತರ ತಮಿಳುನಾಡಿನಲ್ಲಿ ನಡೆದ ಅಧ್ಯಯನವೊಂದು ಕಾಂಡ್ಲಾದ ಹಿಂದಿದ್ದ ಊರುಗಳಲ್ಲಿ ಸಾವು ಕಡಿಮೆ ಎಂದಿತು. ಅದೇ ಅಂಕಿಗಳನ್ನು ಮತ್ತೆ ಪರಿಶೀಲಿಸಿದ ಬೇರೆ ವಿಜ್ಞಾನಿಗಳು ಆ ಊರುಗಳು ಕಡಲಿನಿಂದ ದೂರವೂ ಎತ್ತರವೂ ಇದ್ದವು, ಉಳಿಸಿದ್ದು ಅದೇ ಇರಬಹುದು ಎಂದು ಆಕ್ಷೇಪಿಸಿದರು. ನನ್ನ ಅಭಿಪ್ರಾಯದಲ್ಲಿ ಕಾಂಡ್ಲಾವನ್ನು ಸುನಾಮಿಯ ಗುರಾಣಿ ಎಂದು ಮಾರುವುದು ಬೇಡ. ಮಳೆಗಾಲದ ಅಲೆ ತಗ್ಗಿಸುವುದಕ್ಕೆ, ಅಳಿವೆಯ ದಂಡೆ ಹಿಡಿಯುವುದಕ್ಕೆ, ಮೀನು ಏಡಿ ಮರಿ ಮಾಡುವುದಕ್ಕೆ ಅದು ಬೇಕೇ ಬೇಕು. ಅಘನಾಶಿನಿ ಅಳಿವೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ದೊಡ್ಡ ಅಲೆಯ ಮುಂದೆ ಅದು ಒಂದಿಷ್ಟು ತಡೆಯುತ್ತದೆ, ಪೂರ್ತಿ ಅಲ್ಲ.

ಜಾಗ ಬಿಡಿ ಎಂದರೆ ಏಕೆ ಬಿಡುವುದಿಲ್ಲ

ಉಳಿಯುವುದು ಮೂರನೆಯ ದಾರಿ, ಸೆವೆರೊ-ಕುರಿಲ್ಸ್ಕ್‌ನಲ್ಲಿ ಮಾಡಿದಂತೆ ಊರನ್ನೇ ಸರಿಸುವುದು. ಕಾಗದದ ಮೇಲೆ ಇದೇ ಸರಿಯಾದ ಉತ್ತರ. ನೆಲದ ಮೇಲೆ ಹೆಚ್ಚು ಸೋತದ್ದೂ ಇದೇ.

2005ರಲ್ಲಿ ತಮಿಳುನಾಡು ಸರ್ಕಾರ ಉಬ್ಬರದ ಗೆರೆಯಿಂದ 200 ಮೀಟರ್ ಆಚೆಗೆ ಹೋಗುವವರಿಗೆ ಹೊಸ ಮನೆ ಕಟ್ಟಿಸಿಕೊಡುತ್ತೇವೆ ಎಂದಿತು. ಬಿಡದೆ ಅಲ್ಲೇ ಉಳಿಯುವವರಿಗೆ ಆ ನೆರವಿಲ್ಲ. ಮೀನುಗಾರರ ಅನುಮಾನ ಸರಳವಾಗಿತ್ತು: ನಾವು ಹೋದ ಮೇಲೆ ಈ ದಡ ಯಾರದಾಗುತ್ತದೆ? ದೋಣಿ, ಬಲೆ ಕಣ್ಣಳತೆಯಲ್ಲಿರಬೇಕು, ಕಡಲಿನ ಬಣ್ಣ ನೋಡಿ ಹೊರಡಬೇಕು, ಮೀನು ಒಣಗಿಸಲು ಮರಳು ಬೇಕು. ದಡ ಅವರಿಗೆ ಮನೆಯ ಅಂಗಳವೂ ಹೌದು, ಕೆಲಸದ ಜಾಗವೂ ಹೌದು.

ಕಡಲಿಲ್ಲದ ಉತ್ತರ ಕರ್ನಾಟಕದಲ್ಲೂ ಇದೇ ನಡೆಯಿತು. 2009ರ ಸೆಪ್ಟೆಂಬರ್ ಕೊನೆಯ, ಅಕ್ಟೋಬರ್ ಮೊದಲ ದಿನಗಳ ಮಹಾಪೂರದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಕೃಷ್ಣಾ, ಭೀಮಾ, ಮಲಪ್ರಭಾ, ತುಂಗಭದ್ರಾ ದಂಡೆಯ ಊರುಗಳನ್ನು ಸ್ಥಳಾಂತರಿಸಲು ‘ಆಸರೆ’ ಮನೆಗಳು ಕಟ್ಟಲ್ಪಟ್ಟವು. ದಾನಿಗಳು, ಕಂಪನಿಗಳು, ಮಠಗಳು ಕೈಜೋಡಿಸಿದ ದೊಡ್ಡ ಪ್ರಯತ್ನ ಅದು. ಆದರೂ ಅನೇಕ ಕಡೆ ಜನ ಹೋಗಲಿಲ್ಲ, ಹೋದವರಲ್ಲಿ ಕೆಲವರು ಮರಳಿ ಬಂದರು. ಹೊಸ ಮನೆಯಲ್ಲಿ ದನ ಕಟ್ಟಲು ಜಾಗವಿಲ್ಲ, ಮೇವಿನ ಬಣವೆ ಒಟ್ಟಲು ಹಿತ್ತಲಿಲ್ಲ, ಹೊಲ ದೂರ, ನೀರಿನ ನಲ್ಲಿ ಬರುವುದು ತಡ. ಕೂಡುಕುಟುಂಬಕ್ಕೆ ಒಂದೇ ಮನೆ ಸಿಕ್ಕರೆ ಅಣ್ಣ ಹೋಗಬೇಕೋ ತಮ್ಮ ಹೋಗಬೇಕೋ ಎಂಬ ತಕರಾರು ಬೇರೆ. 2019ರ ಆಗಸ್ಟಿನಲ್ಲಿ ನೀರು ಏರಿದಾಗ ಹಳೆಯ ಊರುಗಳಲ್ಲಿ ಮತ್ತೆ ಜನರಿದ್ದರು, ಮತ್ತೆ ದೋಣಿ ಹೋಗಬೇಕಾಯಿತು.

ಇದನ್ನು ಜನರ ಹಟ ಎಂದು ಕರೆಯುವುದು ತಪ್ಪು. ಹತ್ತು ವರ್ಷಕ್ಕೊಮ್ಮೆ ಬರುವ ಹೊಳೆಗೂ ದಿನ ಬೆಳಗಾದರೆ ಎದ್ದು ಹೋಗಬೇಕಾದ ಹೊಲಕ್ಕೂ ನಡುವೆ ಆಯ್ಕೆ ಮಾಡಿ ಎಂದರೆ ಯಾವ ರೈತನೂ ಹೊಲವನ್ನೇ ಆರಿಸುತ್ತಾನೆ. ಮನೆಯನ್ನು ಸರಿಸಿ ದುಡಿಮೆಯನ್ನು ಅಲ್ಲೇ ಬಿಟ್ಟ ಯೋಜನೆಗಳು ಸೋತಿವೆ. ಸೆವೆರೊ-ಕುರಿಲ್ಸ್ಕ್‌ನಲ್ಲಿ ದಿಬ್ಬದಿಂದ ಬಂದರಿಗೆ ನಡೆದೇ ಇಳಿಯಬಹುದು. ಅಲ್ಲಿ ಅದು ಸಾಧ್ಯವಾದದ್ದು ಅದಕ್ಕೇ.

ನಮ್ಮ ಕರಾವಳಿಯ ಲೆಕ್ಕ

ಕರ್ನಾಟಕದ ದಡಕ್ಕೆ ಸುನಾಮಿ ಬರುವುದಾದರೆ ಮುಖ್ಯ ಮೂಲ ಪಾಕಿಸ್ತಾನ, ಇರಾನ್ ಕರಾವಳಿಯ ಬಳಿಯ ಮಕ್ರಾನ್ ಬಿರುಕು. 1945ರ ನವೆಂಬರ್ 28ರ ಮುಂಜಾನೆ ಅಲ್ಲಿ 8.1 ತೀವ್ರತೆಯ ಭೂಕಂಪವಾಗಿ ಮುಂಬಯಿಗೆ ಸುಮಾರು ಎರಡು ಮೀಟರಿನ ಅಲೆ ಬಂತು. ಕಾರವಾರದವರೆಗೂ ಅದರ ಪರಿಣಾಮ ಮುಟ್ಟಿದ ಉಲ್ಲೇಖಗಳಿವೆ. ನಮಗೆ ಸಮಯ ಇರುತ್ತದೆ, ನಿಮಿಷಗಳಲ್ಲ, ಗಂಟೆಗಳೇ. ಆದ್ದರಿಂದ ನಮ್ಮಲ್ಲಿ ಸುನಾಮಿಗೆ ಜನ ಸತ್ತರೆ ಅದಕ್ಕೆ ಎಚ್ಚರಿಕೆ ತಡವಾದದ್ದು ಕಾರಣ ಎನ್ನಲಾಗುವುದಿಲ್ಲ.

ವರ್ಷವೂ ಕಾಡುವುದು ನೆರೆ. ಘಟ್ಟದಲ್ಲಿ ಸುರಿದ ಮಳೆ ಕೆಲವೇ ಗಂಟೆಗಳಲ್ಲಿ ಅಳಿವೆಗೆ ಇಳಿಯುತ್ತದೆ. ಆ ಹೊತ್ತಿಗೆ ಕಡಲು ಉಬ್ಬರದಲ್ಲಿದ್ದರೆ ನೀರಿಗೆ ಹೊರದಾರಿಯಿಲ್ಲದೆ ಎರಡೂ ದಂಡೆಗೆ ಹರಡುತ್ತದೆ. ಮೇಲಿನ ಅಣೆಕಟ್ಟಿನ ಗೇಟು ಅದೇ ಹೊತ್ತಿಗೆ ತೆರೆದರೆ ಇನ್ನೂ ಕಷ್ಟ. 2019ರಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳು ಅನುಭವಿಸಿದ್ದು ಇದನ್ನೇ. ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿರುವ ರಾಜ್ಯ ನಮ್ಮದು. ಮಳೆ, ಉಬ್ಬರ, ಗೇಟು ಈ ಮೂರನ್ನೂ ಒಟ್ಟಿಗೆ ನೋಡಿ ನಿಮ್ಮ ಊರಿಗೆ ಇಷ್ಟು ಹೊತ್ತಿಗೆ ಇಷ್ಟು ನೀರು ಎಂದು ಹೇಳಿದರೆ ಮಾತ್ರ ಆ ಅಂಕಿಗಳು ದಂಡೆಯವರ ಉಪಯೋಗಕ್ಕೆ ಬರುತ್ತವೆ.

ಇದೇ ಹೊತ್ತಿನಲ್ಲಿ ದಡದ ಮೇಲಿನ ನಿಯಮ ಸಡಿಲಾಗಿದೆ. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಗ್ರಾಮೀಣ ದಡದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ತಡೆ ಇತ್ತು. 2019ರ ಅಧಿಸೂಚನೆ ಜನಸಾಂದ್ರತೆ ಚದರ ಕಿಲೋಮೀಟರಿಗೆ 2,161 ಮೀರಿದ ಗ್ರಾಮೀಣ ಪ್ರದೇಶಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ದಡದಲ್ಲೇ ಹುಟ್ಟಿ ಬೆಳೆದವರಿಗೆ ಸ್ವಂತ ಜಾಗದಲ್ಲಿ ಮನೆ ಕಟ್ಟಲು ಇದರಿಂದ ದಾರಿಯಾಯಿತು ಎಂಬ ಸಮರ್ಥನೆ ಇದೆ, ಅದರಲ್ಲಿ ನ್ಯಾಯವೂ ಇದೆ. ಆದರೆ ಆ 150 ಮೀಟರಿನ ಪಟ್ಟಿಯಲ್ಲಿ ಮನೆಗಳ ಜೊತೆಗೆ ಬೇರೆ ಕಟ್ಟಡಗಳೂ ಏಳುತ್ತವೆ. ಅತಿ ಹೆಚ್ಚು ಜನ ಒತ್ತೊತ್ತಾಗಿರುವ ದಡದಲ್ಲೇ ಕಡಲಿಗೆ ಅತಿ ಹತ್ತಿರ ಕಟ್ಟಲು ಅವಕಾಶ ಸಿಕ್ಕಿದೆ. ಮರಳ ದಿಬ್ಬ ಮಟ್ಟವಾಗುತ್ತದೆ, ದಡದಿಂದ ರಸ್ತೆಗೆ ಹೋಗುತ್ತಿದ್ದ ಓಣಿಗೆ ಕಾಂಪೌಂಡ್ ಬೀಳುತ್ತದೆ. ಎಚ್ಚರಿಕೆ ಬಂದ ದಿನ ಜನ ಓಡಬೇಕಾದದ್ದು ಆ ಓಣಿಯಲ್ಲೇ.

ಹಿಂದೂ ಮಹಾಸಾಗರದ ದೇಶಗಳು ಸೇರಿ ಕೆಲವು ವರ್ಷಕ್ಕೊಮ್ಮೆ ‘ಐಓವೇವ್’ ಹೆಸರಿನ ಅಣಕು ಸುನಾಮಿ ನಡೆಸುತ್ತವೆ. ಮಕ್ರಾನಿನಲ್ಲಿ ಭೂಕಂಪವಾಗಿದೆ ಎಂದು ಊಹಿಸಿಕೊಂಡು ಹೈದರಾಬಾದಿನಿಂದ ಸೂಚನೆ ಹೊರಡುತ್ತದೆ, ರಾಜ್ಯಕ್ಕೆ, ಜಿಲ್ಲೆಗೆ ತಲುಪುತ್ತದೆ. ಮುಂದಿನ ಸಲ ಆ ಸೂಚನೆಯನ್ನು ಮಲ್ಪೆ, ಗಂಗೊಳ್ಳಿ, ತದಡಿಯಲ್ಲಿ ಮೀನು ಏಲಂ ಕೂಗುವ ಜಾಗದವರೆಗೂ ಕಳಿಸಿ, ಬುಟ್ಟಿ ಹಿಡಿದು ಕುಳಿತ ಹೆಂಗಸರು ಅಲ್ಲಿಂದ ಎದ್ದು ಎತ್ತರದ ನೆಲ ಮುಟ್ಟಲು ಎಷ್ಟು ನಿಮಿಷ ಬೇಕಾಯಿತು ಎಂದು ಅಳೆದು ಬರೆದಿಡಬಹುದು. ಆ ಒಂದು ಅಂಕಿ ಊರಿನ ಕೈಯಲ್ಲಿದ್ದರೆ ಯಾವ ಓಣಿಗೆ ಕಾಂಪೌಂಡ್ ಹಾಕಲು ಬಿಡಬಾರದು ಎಂಬುದನ್ನು ಪಂಚಾಯಿತಿಯಲ್ಲಿ ಎದ್ದು ನಿಂತು ಕೇಳಬಹುದು.